ಬುಲ್ಡೋಜರಿಗೆ ಅಡ್ಡವಿಟ್ಟ ಮೇಜು

ಡಗ್ಗನ್ಸ್ ರಿಜ್ ಬಡಾವಣೆಯಲ್ಲಿ ದೊಡ್ಡ ಕಸದ ವಾರ ಬಂತೆಂದರೆ ಜನಕ್ಕೆ ಎಲ್ಲಿಲ್ಲದ ಉತ್ಸಾಹ. ಕೌನ್ಸಿಲ್ ಲಾರಿ ಬರುವ ಮುಂಚೆ ಪ್ರತಿ ಮನೆಯವರೂ ಬೇಡವಾದ ಸಾಮಾನನ್ನು ಗೇಟಿನಾಚೆಯ ಹುಲ್ಲುಪಟ್ಟಿಯ ಮೇಲೆ ತಂದಿಡುತ್ತಾರೆ. ಅದರಲ್ಲಿ ಅರ್ಧವೂ ಲಾರಿಗೆ ಸಿಗುವುದಿಲ್ಲ. ಈ ಮನೆಯದು ಎದುರು ಮನೆಗೆ, ಎದುರು ಮನೆಯದು ಪಕ್ಕದ ಬೀದಿಗೆ ಹೋಗಿಬಿಟ್ಟಿರುತ್ತದೆ. ಮರ್ಯಾದಸ್ಥರೇ ಕಾಫಿ ಹಿಡಿದು ಗಾಳಿ ಸೇವನೆಗೆಂದು ಹೊರಡುತ್ತಾರೆ. ಬರುವಾಗ ಕಂಕುಳಲ್ಲೊಂದು ಟೇಬಲ್ ಲ್ಯಾಂಪ್ ಇರುತ್ತದೆ. ಇದನ್ನು ಕಳ್ಳತನವೆಂದು ಕರೆಯುವುದಾದರೆ ಇಡೀ ಬಡಾವಣೆಯೇ ಜೈಲಿನಲ್ಲಿ ಇರಬೇಕಿತ್ತು.

ಡೆಸ್ ಟ್ರೆಂಬತ್ ಈ ವಿದ್ಯೆಯಲ್ಲಿ ಪಳಗಿದ ಕೈ. ಎಪ್ಪತ್ತು ದಾಟಿ ಮಂಡಿ ಮಾತು ಕೇಳದಿದ್ದರೂ ಕಸದ ವಾರದಲ್ಲಿ ಅವನಿಗೆ ಹರೆಯ ಬರುತ್ತದೆ. ಸಾಮಾನನ್ನು ರಾಶಿ ಸುರಿಯುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ಚೆನ್ನಾಗಿ ಒರೆಸಿ, ಸಾಲಾಗಿ ಜೋಡಿಸಿಟ್ಟರೆ ತಾನೇ ಯಾರಾದರೂ ಒಯ್ಯುವುದು ಎಂಬುದು ಅವನ ವಾದ. ಈ ಸಲ ಹೆಂಡತಿ ನೊಲೀನ್, ವಾಗಾ ಎಂಬ ಊರಿನಲ್ಲಿರುವ ತಂಗಿಯನ್ನು ನೋಡಲು ಹೋಗಿದ್ದಳು. ಹೇಳುವವರು ಕೇಳುವವರು ಇಲ್ಲದ್ದರಿಂದ ಡೆಸ್ ಗ್ಯಾರೇಜನ್ನೇ ಬುಡಮೇಲು ಮಾಡಿದ. ಹಳೆಯ ಟೋಸ್ಟರು, ಮೀನಿನ ಗಾಳದ ಸುರುಳಿಗಳು, ಕಿವಿ ಮುರಿದ ಕುಂಡಗಳು, ಯಾರೋ ಮದುವೆಗೆ ಕೊಟ್ಟಿದ್ದ ಮೊಟ್ಟೆ ಬೇಯಿಸುವ ಯಂತ್ರ, ಎಲ್ಲವೂ ಹೊರಬಂದವು. ಹುಲ್ಲಿನ ಮೇಲಿಟ್ಟರೆ ಇಬ್ಬನಿ ಹಿಡಿಯುತ್ತದೆಂದು ಮೂಲೆಯಲ್ಲಿ ಟಾರ್ಪಾಲಿನಡಿ ಇದ್ದ ಕೆಂಪು ಮೇಜನ್ನು ಎಳೆತಂದು, ಅದರ ಮೇಲೆ ಅಂಗಡಿ ಇಟ್ಟ ಹಾಗೆ ಎಲ್ಲವನ್ನೂ ಜೋಡಿಸಿದ. ಸಂಜೆಗೆ ಮೇಜನ್ನು ಒಳಗೆ ತಂದರಾಯಿತು ಎಂದುಕೊಂಡ. ಸಂಜೆ ಟಿವಿಯಲ್ಲಿ ಕ್ರಿಕೆಟ್ ಇತ್ತು. ಕುರ್ಚಿಯಲ್ಲೇ ಕಣ್ಣು ಹತ್ತಿತು.

ಗುರುವಾರ ಬೆಳಗ್ಗೆ ಹೋಗಿ ನೋಡಿದರೆ ಟೋಸ್ಟರು ಇತ್ತು, ಗಾಳದ ಸುರುಳಿಗಳು ಇದ್ದವು, ಕುಂಡಗಳಿದ್ದವು. ಒಂದೂ ಆಚೀಚೆ ಆಗದಂತೆ, ಅವನು ಜೋಡಿಸಿದ ಸಾಲಿನಲ್ಲೇ ಹುಲ್ಲಿನ ಮೇಲೆ ಕೂತಿದ್ದವು. ಕೆಳಗಿದ್ದ ಮೇಜು ಮಾತ್ರ ಇರಲಿಲ್ಲ. ಒಯ್ದವರು ತುಂಬ ಸಭ್ಯರು. ಡೆಸ್ ಅಲ್ಲೇ ಟೋಸ್ಟರಿನ ಪಕ್ಕ ಕುಕ್ಕರಿಸಿದ.

ಆ ಮೇಜು ಯಾವುದೆಂದು ಹೇಳಬೇಕಾದರೆ ಡಗ್ಗನ್ಸ್ ರಿಜ್‌ನ ಚರಿತ್ರೆಯನ್ನೇ ಹೇಳಬೇಕು. ಇದೇನು ಮಹಾ ಚರಿತ್ರೆ ಎಂದು ಮೂಗು ಮುರಿಯುವವರು ಮುರಿದುಕೊಳ್ಳಲಿ. ಇಲ್ಲಿ ರಾಜರಿಲ್ಲ, ಕೋಟೆಯಿಲ್ಲ. ಸಾವಿರಾರು ವರ್ಷ ಇಲ್ಲಿನ ಮೂಲನಿವಾಸಿಗಳಾದ ದಾರುಗ್ ಜನ ಓಡಾಡಿದ ದಿಣ್ಣೆ ಇದು. ಅವರು ಇದಕ್ಕೆ ಏನೆನ್ನುತ್ತಿದ್ದರೆಂದು ಕೇಳುವ ಸೌಜನ್ಯವೂ ಇಲ್ಲದೆ ಡಗ್ಗನ್ ಎಂಬ ಮರಕಡುಕ ತನ್ನ ಹೆಸರಿಟ್ಟ. ಮುಗಿಲು ಮುಟ್ಟುವ ನೀಲಗಿರಿ ಮರಗಳನ್ನು ಉರುಳಿಸಿ, ಗುಂಡಿ ತೋಡಿ, ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆಯುವ ಕೆಲಸ ಶುರುಮಾಡಿದ. ಅವನ ಮಕ್ಕಳು ಬೋಳು ದಿಣ್ಣೆಯಲ್ಲಿ ಕಿತ್ತಳೆ ಹಾಕಿದರು. ಮೊಮ್ಮಕ್ಕಳ ಕಾಲಕ್ಕೆ ಕಿತ್ತಳೆಗೆ ಬೆಲೆ ಬಿತ್ತು. ನೇಗಿಲು ನಿಲ್ಲದ ಕಡಿದಾದ ಇಳಿಜಾರನ್ನು ಅವರು ಸರ್ಕಾರಕ್ಕೆ ಮಾರಿ ಕೈತೊಳೆದುಕೊಂಡರು. ಸರ್ಕಾರ ಅಲ್ಲಿ ಸಸಿ ನೆಟ್ಟಿತು. ಹಳೆಯ ನೀಲಗಿರಿಯ ಬುಡಗಳು ಯಾರಪ್ಪಣೆಗೂ ಕಾಯದೆ ತಾವೇ ಚಿಗುರಿದವು. ಮಹಾಯುದ್ಧ ಮುಗಿದು ಸುತ್ತ ಮನೆಗಳು ಎದ್ದಾಗ, ಇಳಿಜಾರಿನಲ್ಲಿ ಮತ್ತೆ ಕಾಡಿತ್ತು. ಬೆಳಗಾದರೆ ಕೂಕಬರಾ ಹಕ್ಕಿಗಳು ಅಲ್ಲಿಂದ ಗಹಗಹಿಸಿ ನಕ್ಕು ಊರನ್ನು ಎಬ್ಬಿಸುತ್ತಿದ್ದವು.

ಆಮೇಲೊಂದು ದಿನ ಯಾವನೋ ಪುಣ್ಯಾತ್ಮ ನಕ್ಷೆಯ ಮೇಲೆ ಸ್ಕೇಲಿಟ್ಟು ಕಾಡಿನ ನಡುವೆ ನೇರ ಗೆರೆ ಎಳೆದ. ಹೆದ್ದಾರಿಗಂತೆ. ಬುಲ್ಡೋಜರು ಬರುವ ಬೆಳಗ್ಗೆ ಗರಗಸಗುಂಡಿ ಬೀದಿಯ ಐವಿ ಎಂಬ ಹೆಂಗಸು ತನ್ನ ಅಡುಗೆಮನೆಯ ಕೆಂಪು ಮೇಜನ್ನು ಹೊತ್ತು ತಂದು ಕಾಡಿನ ಹಾದಿಗೆ ಅಡ್ಡ ಇಟ್ಟಳು. ನೆರೆಯ ಹೆಂಗಸರು ಕುರ್ಚಿ ತಂದರು. ಯಾರೂ ಕೂಗಲಿಲ್ಲ, ಯಾರೂ ಫಲಕ ಹಿಡಿಯಲಿಲ್ಲ. ಟೀ ಕುದಿಸಿದರು.

ಬುಲ್ಡೋಜರಿನಲ್ಲಿದ್ದ ಹುಡುಗ ಇಳಿದು ಬಂದು, "ಅಮ್ಮಾವ್ರೇ, ಸ್ವಲ್ಪ ಮೇಜು ತೆಗೀರಿ" ಎಂದ.

"ತೆಗೀತೀವಪ್ಪ, ಟೀ ಮುಗೀಲಿ" ಎಂದಳು ಐವಿ. "ನೀನೂ ಕೂತ್ಕೊ. ತಿಂಡಿ ಆಯ್ತಾ?"

ಟೀ ಮುಗಿಯಲೇ ಇಲ್ಲ. ಆ ದಿನವೂ ಇಲ್ಲ, ಆ ವಾರವೂ ಇಲ್ಲ. ಚಾಕೊಲೇಟಿನಲ್ಲಿ ಅದ್ದಿ ಕೊಬ್ಬರಿಯಲ್ಲಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕು ತಟ್ಟೆ ತಟ್ಟೆ ಬಂತು. ಹುಡುಗ ಸುಡುವ ಟೀ ಪಾತ್ರೆಯನ್ನು ಕುರುಡನಂತೆ ಮೇಜಿನ ಮೇಲೇ ಇಟ್ಟು ಅದರ ಕೆಂಪು ಲ್ಯಾಮಿನೇಟ್ ಹೊದಿಕೆಗೆ ಸುಟ್ಟ ಗುರುತು ಮಾಡಿದ. ಐವಿಯ ಮಗಳು ಅವನಿಗೆ ಎಲ್ಲರೆದುರೂ ಚೆನ್ನಾಗಿ ಬೈದಳು. ಮಾರನೆಯ ದಿನದಿಂದ ಅವನ ಯಂತ್ರ ಪದೇ ಪದೇ ಕೆಡತೊಡಗಿತು. ಮೇಸ್ತ್ರಿ ಬಂದು ನೋಡಿದರೆ ಎಲ್ಲ ಸರಿಯಿರುತ್ತಿತ್ತು. ಮೇಸ್ತ್ರಿ ಹೋದರೆ ಮತ್ತೆ ಕೆಡುತ್ತಿತ್ತು. ಅಷ್ಟರಲ್ಲಿ ಪತ್ರಿಕೆಯವರು ಬಂದರು, ಚುನಾವಣೆಯೂ ಬಂತು, ಹೆದ್ದಾರಿ ಬೇರೆ ದಿಕ್ಕಿಗೆ ಹೋಯಿತು. ಹುಡುಗ ಮಾತ್ರ ಎಲ್ಲಿಗೂ ಹೋಗಲಿಲ್ಲ. ಬೈದವಳನ್ನೇ ಮದುವೆಯಾದ. ಆ ಹುಡುಗನೇ ಈಗ ಹುಲ್ಲಿನ ಮೇಲೆ ಟೋಸ್ಟರಿನ ಪಕ್ಕ ಕೂತಿದ್ದವನು.

ಶನಿವಾರ ಕಾಡು ಉಳಿದ ಐವತ್ತನೆಯ ವರ್ಷದ ಸಮಾರಂಭ. ಮೇಜೇ ಅದರ ದೇವರು. ಶುಕ್ರವಾರ ಮಧ್ಯಾಹ್ನ ನೊಲೀನ್ ರೈಲಿಳಿಯುತ್ತಾಳೆ. ಐವಿ ತೀರಿಕೊಂಡ ಮೇಲೆ ಅವಳು ತಾಯಿಯ ಮನೆಯಿಂದ ಬೇರೇನೂ ಕೇಳಿರಲಿಲ್ಲ. ಒಂದು ಮೇಜು ಕೇಳಿದ್ದಳು. ಹಾಳಾಗಬಾರದೆಂದು ಅದನ್ನು ಒಂದು ದಿನವೂ ಬಳಸದೆ ಮುಚ್ಚಿಟ್ಟಿದ್ದಳು. ಅದನ್ನು ಕಸದ ಜೊತೆ ಬೀದಿಗಿಟ್ಟೆ ಎಂದು ಅವಳಿಗೆ ಹೇಗೆ ಹೇಳುವುದು? ಡೆಸ್‌ಗೆ ಹೆಂಡತಿಯ ಬೈಗುಳದ ಭಯವಿರಲಿಲ್ಲ, ಅದು ಅಭ್ಯಾಸವಾಗಿತ್ತು. ಅವಳು ಬೈಯದೆ ಸುಮ್ಮನೆ ಒಳಗೆ ಹೋಗಿಬಿಟ್ಟರೆ ಎಂಬುದೇ ಅವನ ಭಯ.

ಎದ್ದು ಹೊರಡುವಷ್ಟರಲ್ಲಿ ನೆರಿಡಾ ವಾಸ್ ಕಾರು ನಿಲ್ಲಿಸಿದಳು. ಕಾಡಿನ ಗೆಳೆಯರ ಸಂಘಕ್ಕೆ ಅವಳೇ ಅಧ್ಯಕ್ಷೆ, ನಿವೃತ್ತ ಹೆಡ್‌ಮಿಸ್ಟ್ರೆಸ್. ಊರಿನವರೆಲ್ಲ ಅವಳೆದುರು ತಾವಾಗಿಯೇ ನೆಟ್ಟಗೆ ನಿಲ್ಲುತ್ತಾರೆ.

"ಡೆಸ್, ಮೇಜು ರೆಡಿನಾ? ಹಿತ್ತಾಳೆ ಕಂಬ, ಕೆಂಪು ಹಗ್ಗ ಎಲ್ಲಾ ತರಿಸಿದೀನಿ. ಸುತ್ತ ಕಟ್ಟಿಬಿಡ್ತೀವಿ. ಯಾರೂ ಮುಟ್ಟೋ ಹಾಗಿಲ್ಲ."

"ಅಯ್ಯೋ, ಯಾರೂ ಮುಟ್ಟಲ್ಲ ಬಿಡಿ ನೆರಿಡಾ" ಎಂದ ಡೆಸ್. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಒಂದ್ಸಲ ನೋಡ್ಕೊಂಡು ಹೋಗ್ಲಾ?"

"ಈಗ ಬೇಡ. ಪಾಲಿಶ್ ಹಾಕಿದೀನಿ, ಒಣಗ್ಬೇಕು."

"ಲ್ಯಾಮಿನೇಟಿಗೆ ಪಾಲಿಶಾ?"

"ಕಾಲಿಗೆ."

"ಸ್ಟೀಲ್ ಕಾಲಿಗೆ" ಎಂದು ನೆರಿಡಾ ಅವನನ್ನು ಕನ್ನಡಕದ ಮೇಲಿಂದ ನೋಡಿದಳು. ಆದರೂ ಹೋದಳು. ಡೆಸ್ ಬೆವರೊರೆಸಿಕೊಂಡ.

ಬೀದಿಯ ಕಸದ ವಿಷಯವೆಲ್ಲ ತಿಳಿದಿರುವವನು ಬ್ರೂನೋ. ಕಾಂಕ್ರೀಟು ಕೆಲಸ ಮಾಡಿ ನಿವೃತ್ತನಾದವನು, ಮೂರು ಮನೆ ಆಚೆ ಇದ್ದಾನೆ. ಅವನ ಗ್ಯಾರೇಜಿನ ಬಾಗಿಲು ಯಾವಾಗಲೂ ತೆರೆದಿರುತ್ತದೆ, ಏಕೆಂದರೆ ಮುಚ್ಚಲು ಜಾಗವಿಲ್ಲ. ಡೆಸ್ ಒಳಗೆ ಕಣ್ಣಾಡಿಸಿದ. ಅವನದೇ ಹಳೆಯ ಹುಲ್ಲು ಕತ್ತರಿಸುವ ಯಂತ್ರ ಅಲ್ಲಿತ್ತು. ಅವನ ಮಗಳು ಮಲಗಿದ್ದ ತೊಟ್ಟಿಲಲ್ಲಿ ಬ್ರೂನೋ ಈರುಳ್ಳಿ ಹರವಿದ್ದ.

"ಏನ್ ಕಳ್ಕೊಂಡೆ?" ಎಂದ ಬ್ರೂನೋ.

"ಯಾರು ಹೇಳಿದ್ರು ಕಳ್ಕೊಂಡೆ ಅಂತ?"

"ನಿನ್ ಮುಖಾನೇ ಹೇಳ್ತಿದೆ ಮಾರಾಯ. ಹೆಂಡ್ತಿ ಊರಲ್ಲಿಲ್ಲ, ಗಂಡ ಹುಳ್ಳಗೆ ಮುಖ ಮಾಡ್ಕೊಂಡು ಬಂದಿದಾನೆ ಅಂದ್ರೆ ಇನ್ನೇನು."

ಡೆಸ್ ಹೇಳಿದ. ಬ್ರೂನೋ ಕೈಯಲ್ಲಿದ್ದ ಚಾಕು ಕೆಳಗಿಟ್ಟ.

"ಕೆಂಪು ಮೇಜು? ಸ್ಟೀಲ್ ಕಾಲು?"

"ಹೂಂ."

"ಅದು ಆ ಮೇಜಾ? ಅಯ್ಯಯ್ಯೋ, ನಾನೇ ಕಣೋ ತಂದದ್ದು. ವರ್ಷಕ್ಕಾಗೋಷ್ಟು ಟೊಮ್ಯಾಟೊ ಸಾಸ್ ಮಾಡೋ ದಿನಕ್ಕೆ ಆಗುತ್ತೆ ಅಂತ ತಂದೆ. ನಿನ್ ಸಾಮಾನೆಲ್ಲ ಹಾಗೇ ಜೋಡಿಸಿಟ್ಟೆ, ನೋಡಿದ್ಯಾ? ಒಂದೂ ತಪ್ಪಿಲ್ಲ."

"ನೋಡ್ದೆ, ತುಂಬಾ ಉಪಕಾರ ಆಯ್ತು. ಎಲ್ಲಿದೆ ಈಗ?"

ಬ್ರೂನೋ ತಲೆ ಕೆರೆದುಕೊಂಡ. ಒಳಗಿಂದ ಅವನ ಹೆಂಡತಿ ಪೀನಾ ಅಷ್ಟೂ ಕೇಳಿಸಿಕೊಂಡು ಹೊರಬಂದಳು.

"ಇನ್ನೊಂದು ಮೇಜು ಈ ಮನೆಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ ಅಂದೆ" ಎಂದಳು ಪೀನಾ. "ಬೆಳಗ್ಗೆ ನಮ್ ಹುಲ್ಲಿನ್ ಮೇಲಿಟ್ಟೆ. ಇಟ್ಟು ಕೈ ಒರೆಸ್ಕೊಳ್ಳೋಷ್ಟರಲ್ಲಿ ಹೋಯ್ತು. ಒಬ್ಬ ಅಜ್ಜಿ, ಒಬ್ಳು ಮಗಳು. ಅಜ್ಜಿ ಒಂದ್ ಕಡೆ, ಮಗಳು ಒಂದ್ ಕಡೆ ಹಿಡ್ಕೊಂಡು ಗರಗಸಗುಂಡಿ ಬೀದಿ ಕಡೆ ಹೋದ್ರು. ದಾರೀಲಿ ನಿಲ್ಸಿ ಅಜ್ಜಿ ಅದರ ಮೇಲೇ ಕೂತು ಸುಧಾರಿಸ್ಕೊಂಡ್ಳು, ಪಾಪ."

"ಪಾಪ ಅಂತೆ. ನಾನಿಲ್ಲಿ ಸಾಯ್ತಾ ಇದೀನಿ" ಎಂದ ಡೆಸ್.

"ನೀನು ಸಾಯೋದು ನಾಳೆ, ರೈಲು ಬಂದ್ಮೇಲೆ" ಎಂದ ಬ್ರೂನೋ. ಪೀನಾ ನಗು ತಡೆಯಲಾರದೆ ಈರುಳ್ಳಿ ತೊಟ್ಟಿಲಿನ ಕಡೆ ತಿರುಗಿದಳು.

ಗರಗಸಗುಂಡಿ ಬೀದಿ ಕಾಡಿನ ಬೇಲಿಗೆ ಹೊಂದಿಕೊಂಡ ಕೊನೆಯ ಬೀದಿ. ಅಲ್ಲೊಂದು ಮನೆಯ ಹಿತ್ತಿಲಿನ ಸಣ್ಣ ಬಾಡಿಗೆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ಸಾಲಿತ್ತು. ತೆರೆದ ಕಿಟಕಿಯಿಂದ ಕೆಂಪು ಬಣ್ಣ ಕಂಡಿತು. ಡೆಸ್‌ಗೆ ಹೋದ ಜೀವ ಬಂದಂತಾಯಿತು. ಬಾಗಿಲು ತಟ್ಟುತ್ತ, ಹೇಗೂ ತಪ್ಪಾಗಿದೆ, ಇಪ್ಪತ್ತೋ ಐವತ್ತೋ ಡಾಲರ್ ಕೊಟ್ಟು ಹೊತ್ತೊಯ್ಯುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡ.

ಬಾಗಿಲು ತೆರೆದವಳು ಮಹ್ನಾಜ್. ಇರಾನಿನಿಂದ ಬಂದು ಒಂದು ತಿಂಗಳೂ ಆಗಿರಲಿಲ್ಲ. ಗಂಡ ಕಾವೇ ಕೆಲಸ ಹುಡುಕಲು ಹೋಗಿದ್ದ. ಅವಳ ಹಿಂದೆ ಬಿಳಿ ತಲೆವಸ್ತ್ರದ ತಾಯಿ ತೂಬಾ ಖಾನುಮ್ ಬಂದಳು. ಡೆಸ್ ಬಾಯಿ ತೆರೆಯುವ ಮುಂಚೆ ಆಕೆ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿಬಿಟ್ಟಳು.

"ಅಮ್ಮಂಗೆ ಇಂಗ್ಲಿಷ್ ಬರಲ್ಲ" ಎಂದಳು ಮಹ್ನಾಜ್. "ಈ ಊರಲ್ಲಿ ನಮ್ಮನೆ ಬಾಗಿಲು ತಟ್ಟಿದ ಮೊದಲನೇ ಅತಿಥಿ ನೀವು. ಇವತ್ತು ಬೆಳಗ್ಗೆ ತಾನೇ ಅಮ್ಮ ಅಳ್ತಾ ಇದ್ರು. ನೆಲದ ಮೇಲೆ ಅತಿಥಿಗಳನ್ನ ಕೂರ್ಸೋಕೆ ಒಂದು ಒಳ್ಳೇ ಜಮಖಾನೆನೂ ಇಲ್ಲ, ಮೇಜೂ ಇಲ್ಲ, ಯಾರಾದ್ರೂ ಬಂದ್ರೆ ಮಾನ ಹೋಗುತ್ತೆ ಅಂತ. ನೋಡಿ, ಆಮೇಲೆ ಹೊರಗೆ ಹೋದ್ರೆ ದೇವರೇ ಇಟ್ಟ ಹಾಗೆ ಇದು ಹುಲ್ಲಿನ ಮೇಲೆ ಇತ್ತು."

ಮೇಜನ್ನು ಕನ್ನಡಿಯಂತೆ ತೊಳೆದಿದ್ದರು. ಮೇಲೆ ಗಾಜಿನ ಲೋಟ, ಸಕ್ಕರೆ ಅಚ್ಚು, ಪಿಸ್ತಾ ಇದ್ದವು. ತೂಬಾ ಖಾನುಮ್ ಟೀ ಬಗ್ಗಿಸಿದಳು. ಸುಟ್ಟ ಗುರುತಿನ ಮೇಲೆ ಸರಿಯಾಗಿ ಲೋಟ ಇಟ್ಟು, ಸಕ್ಕರೆಯನ್ನು ಹಲ್ಲಿನ ನಡುವೆ ಹಿಡಿದು ಕುಡಿಯುವುದು ಹೇಗೆಂದು ತೋರಿಸಿದಳು. ಡೆಸ್ ಹಾಗೆಯೇ ಕುಡಿದ. ಒಂದು ಲೋಟ ಮುಗಿದರೆ ಇನ್ನೊಂದು ಬಂತು. ಯಂತ್ರ ತಂದು ಕಾಡಿನ ಬಾಯಲ್ಲಿ ನಿಂತಿದ್ದ ತನಗೆ ಐವಿ ತಿಂಡಿ ಆಯ್ತಾ ಎಂದು ಕೇಳಿದ್ದು ನೆನಪಾಯಿತು. ಆವತ್ತೂ ಅವನು ಒಂದನ್ನು ಒಯ್ಯಲು ಬಂದಿದ್ದ, ಇವತ್ತೂ ಬಂದಿದ್ದ.

"ನೀವು ಏನೋ ಕೇಳೋಕೆ ಬಂದಿದ್ರಿ ಅಲ್ವಾ?" ಎಂದಳು ಮಹ್ನಾಜ್.

"ಏನಿಲ್ಲಮ್ಮ" ಎಂದ ಡೆಸ್. "ಹೊಸಬರು ಬಂದಿದ್ದಾರೆ ಅಂತ ಕೇಳ್ದೆ. ನೋಡ್ಕೊಂಡು ಹೋಗೋಣ ಅಂತ."

ಬರಿಗೈಯಲ್ಲಿ ಬಂದ. ಬರಿಗೈ ಎನ್ನುವುದೂ ತಪ್ಪು, ಜೇಬಿನ ತುಂಬ ಪಿಸ್ತಾ ಇತ್ತು.

ಶುಕ್ರವಾರ ನಿಲ್ದಾಣದಲ್ಲಿ ನೊಲೀನ್ ಇಳಿದಳು. ಪೆಟ್ಟಿಗೆ ಕಾರಿಗೆ ಹಾಕುವ ಮೊದಲೇ ಡೆಸ್ ಎಲ್ಲ ಹೇಳಿಬಿಟ್ಟ. ಕ್ರಿಕೆಟ್ಟನ್ನೂ ಬಿಡಲಿಲ್ಲ. ನೊಲೀನ್ ಬೈಯಲಿಲ್ಲ. ಅವನು ಹೆದರಿದ್ದಂತೆಯೇ ಸುಮ್ಮನಾದಳು. ಕಾರು ಕಾಡಿನ ಅಂಚಿಗೆ ಬರುವ ತನಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಡೆಸ್‌ಗೆ ಎರಡು ಸಲ ತಿರುವು ತಪ್ಪಿತು.

"ಮನೆಗೆ ಬೇಡ" ಎಂದಳು ಕೊನೆಗೆ. "ಅಲ್ಲಿಗೆ ಕರ್ಕೊಂಡ್ ಹೋಗು."

ತೂಬಾ ಖಾನುಮ್ ಡೆಸ್‌ನನ್ನು ಕಂಡು ಹಳೆಯ ನೆಂಟನನ್ನು ಕಂಡವಳಂತೆ ಅರಳಿದಳು. ನೊಲೀನಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಟೀ ಬಂತು. ನೊಲೀನ್ ಲೋಟ ಮುಟ್ಟದೆ ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು. ಆಮೇಲೆ ಎಲ್ಲವನ್ನೂ ಹೇಳಿದಳು: ಅಮ್ಮ, ಕಾಡು, ಬುಲ್ಡೋಜರು, ಈ ಸುಟ್ಟ ಗುರುತು. ಮಹ್ನಾಜ್ ಸಾಲು ಸಾಲಾಗಿ ತಾಯಿಗೆ ಫಾರ್ಸಿಯಲ್ಲಿ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಮೇಜು ಯಾರದೆಂದು ಅವಳಿಗೇ ಹೊಳೆದು ಮುಖ ಕೆಂಪಾಯಿತು.

ತೂಬಾ ಖಾನುಮ್ ಕೊನೆಯವರೆಗೂ ಕೇಳಿ ಡೆಸ್ ಕಡೆ ಬೆರಳು ಮಾಡಿ ಏನೋ ಕೇಳಿದಳು.

"ಮರ ಕಡಿಯೋಕೆ ಬಂದೋನು ಇವನೇನಾ, ಅಂತ ಕೇಳ್ತಿದಾರೆ" ಎಂದಳು ಮಹ್ನಾಜ್.

"ಇವನೇ" ಎಂದಳು ನೊಲೀನ್.

"ಇಷ್ಟೊಂದು ಟೀ ಕುಡಿದ್ರೆ ಮರ ಕಡಿಯೋಕೆ ಟೈಮ್ ಎಲ್ಲಿ, ಅಂತಾರೆ."

ನೊಲೀನ್ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ತೂಬಾ ಖಾನುಮ್ ನಗುತ್ತಲೇ ಎದ್ದು ಲೋಟಗಳನ್ನು ತಟ್ಟೆಗೆ ತುಂಬಿ, ಮೇಜು ಖಾಲಿ ಮಾಡಲು ಶುರುಮಾಡಿದಳು. ನಿಮ್ಮ ತಾಯಿಯ ವಸ್ತು, ತೆಗೆದುಕೊಂಡು ಹೋಗಿ ಎಂದು ಕೈಸನ್ನೆಯಲ್ಲೇ ಹೇಳಿದಳು. ಅದಕ್ಕೆ ಮಹ್ನಾಜ್ ತರ್ಜುಮೆ ಮಾಡುವ ಅಗತ್ಯ ಬೀಳಲಿಲ್ಲ.

ನೊಲೀನ್ ತಟ್ಟೆಯ ಮೇಲೆ ಕೈಯಿಟ್ಟಳು. "ಕೂತ್ಕೊಳ್ಳಿ ಅಮ್ಮ" ಎಂದಳು. "ಇಷ್ಟ್ ವರ್ಷ ಇದನ್ನ ಟಾರ್ಪಾಲ್ ಕೆಳಗೆ ಮಲಗಿಸಿದ್ದೆ. ನಮ್ಮಮ್ಮ ನೋಡಿದ್ರೆ ನನ್ನ ಕೆನ್ನೆಗೆ ಬಾರಿಸ್ತಿದ್ರು. ಮೇಜು ಇರೋದು ಊಟಕ್ಕೆ, ಪೂಜೆಗಲ್ಲ ಅಂತಿದ್ರು." ಆಮೇಲೆ ಡೆಸ್ ಕಡೆ ತಿರುಗಿ, "ನಿನ್ ಮೇಲೆ ಸಿಟ್ಟಿಲ್ಲ ಅಂದ್ಕೋಬೇಡ. ಸಿಟ್ಟಿದೆ. ಅದು ಮನೆಗೆ ಹೋದ್ಮೇಲೆ" ಎಂದಳು. ಡೆಸ್‌ಗೆ ಈ ಮಾತು ಕೇಳಿ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಶನಿವಾರ ಕಾವೇ, ಬ್ರೂನೋ, ಡೆಸ್ ಮೂವರೂ ಸೇರಿ ಮೇಜನ್ನು ಕಾಡಿನ ಹಾದಿಗೆ ಹೊತ್ತು ತಂದು ಹಿಂದೆ ಇದ್ದ ಕಡೆಯೇ ಅಡ್ಡ ಇಟ್ಟರು. ನೀಲಗಿರಿಗಳು ಈಗ ಇನ್ನಷ್ಟು ಎತ್ತರವಾಗಿದ್ದವು. ನೆರಿಡಾ ಹಿತ್ತಾಳೆ ಕಂಬ ನೆಟ್ಟು ಹಗ್ಗ ಕಟ್ಟಿದಳು. ಭಾಷಣದ ಕಾಗದ ಬಿಡಿಸುತ್ತಿದ್ದಂತೆ ತೂಬಾ ಖಾನುಮ್ ಹೊಗೆಯಾಡುವ ದೊಡ್ಡ ಟೀ ಪಾತ್ರೆ ಹಿಡಿದು ಬಂದು, ಹಗ್ಗವನ್ನು ಬಟ್ಟೆ ಒಣಹಾಕುವ ತಂತಿಯೆಂಬಂತೆ ಎತ್ತಿ, ಕೆಳಗೆ ನುಸುಳಿ, ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಮುಟ್ಟಬಾರದು, ಚಾರಿತ್ರಿಕ ವಸ್ತು ಅದು" ಎಂದಳು ನೆರಿಡಾ.

ತೂಬಾ ಖಾನುಮ್ ಅವಳ ಕೈಗೊಂದು ಲೋಟ ಕೊಟ್ಟಳು. ಊರಿಗೇ ಪಾಠ ಹೇಳಿದ ನೆರಿಡಾಗೂ ಅದನ್ನು ಬೇಡವೆನ್ನಲು ಧೈರ್ಯ ಸಾಲಲಿಲ್ಲ. ಪೀನಾ ಲ್ಯಾಮಿಂಗ್ಟನ್ ತಟ್ಟೆಯೊಂದಿಗೆ ಹಗ್ಗ ದಾಟಿದಳು. ಆಮೇಲೆ ಯಾರು ದಾಟಿದರು, ಯಾರು ಬಿಟ್ಟರು ಎಂದು ನೋಡುವವರೇ ಇರಲಿಲ್ಲ. ಕಂಬಗಳು ಪೊದೆಯ ಪಕ್ಕ ಒರಗಿದವು. ಕೌನ್ಸಿಲ್ಲಿನ ದೊಡ್ಡ ಮನುಷ್ಯ ಸಕ್ಕರೆ ಹಲ್ಲಲ್ಲಿ ಕಚ್ಚಿ ಟೀ ಕುಡಿಯಲು ಹೋಗಿ ಕೋಟಿನ ಮೇಲೆ ಚೆಲ್ಲಿಕೊಂಡ. ಹೆಂಗಸರು ಲ್ಯಾಮಿಂಗ್ಟನ್‌ಗೆ ಕೇಸರಿ ಹಾಕಿದರೆ ಹೇಗಿರುತ್ತದೆ ಎಂದು ವಾದಿಸುತ್ತಿದ್ದರು. ನೆರಿಡಾಳ ಭಾಷಣ ಅವಳ ಕೈಚೀಲದಲ್ಲೇ ಉಳಿಯಿತು. ಡೆಸ್ ಒಂದು ಮರದ ಬೊಡ್ಡೆಗೆ ಒರಗಿ ನೊಲೀನಳನ್ನು ನೋಡುತ್ತಿದ್ದ. ಅವಳು ಐವಿಯಂತೆಯೇ ಸೊಂಟಕ್ಕೆ ಕೈಯಿಟ್ಟು, ಯಾರಿಗೆ ಟೀ ಸಿಕ್ಕಿಲ್ಲವೆಂದು ಸುತ್ತ ಕಣ್ಣಾಡಿಸುತ್ತಿದ್ದಳು.

ಸಂಜೆ ಮೇಜು ಹೊತ್ತು ಹಿಂದಿರುಗುವಾಗ ಮುಂದೆ ಡೆಸ್, ಹಿಂದೆ ಕಾವೇ ಇದ್ದರು. ಬೀದಿಯ ಕವಲಿನಲ್ಲಿ ಡೆಸ್ ತನಗರಿವಿಲ್ಲದೆ ತನ್ನ ಮನೆಯ ಗ್ಯಾರೇಜಿನ ಕಡೆ ತಿರುಗಿದ. ಹಿಂದಿನಿಂದ ನೊಲೀನ್ ಕೂಗಿದಳು.

"ಎಲ್ಲಿಗೆ ಹೊರಟೆ? ಅವರ ಮನೇಲಿ ರಾತ್ರಿ ಊಟಕ್ಕೆ ನಮ್ಮನ್ನೂ ಕರೆದಿದಾರೆ. ಮೇಜು ನೀನು ಒಯ್ದುಬಿಟ್ರೆ ಎಲ್ಲಿ ಕೂತ್ಕೊಂಡು ತಿನ್ನೋದು?"